ಕಾರ್ಡಿಗೆ ವಯಸ್ಸಾಗಿಲ್ಲ

ಮಾರ್ಚ್ ೧೪, ಶನಿವಾರ

ವಾರದಿಂದ ಕಂಪ್ಯೂಟರಿನಲ್ಲಿ ನನ್ನ ಕುದುರೆ ಸವಾರಿಯ ಆಟ ತಡವರಿಸುತ್ತಿತ್ತು. "ಚಿತ್ರ ಮೂಡಿಸೋ ಗ್ರಾಫಿಕ್ಸ್ ಕಾರ್ಡಿಗೆ ವಯಸ್ಸಾಯ್ತು ಸಾರ್, ಹೊಸದು ಹಾಕಿಸ್ಕೊಳ್ಳಿ" ಎಂದ ಕಂಪ್ಯೂಟರ್ ಅಂಗಡಿಯವನು. ಮೂರು ವರ್ಷದ ಹಿಂದೆಯೂ ಇದೇ ಮಾತು, ಇದೇ ನಗು. ನಾನು ಮರೆತಿಲ್ಲ. ಜಾಹೀರಾತು ಕೂಗಿದಾಗಲ್ಲ, ಬೇಕಾದ ಆಟ ಓಡದಿದ್ದಾಗ ಮಾತ್ರ ಹೊಸ ಕಾರ್ಡು ಎಂಬ ಹಟ ನನ್ನದು. ಇವತ್ತು ಸೋತು, ಹೊಸದನ್ನು ಕೊಳ್ಳಲು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಿದ್ದೆ.

ಮಗಳು ಕಂಪ್ಯೂಟರಿನ ಹಿಂದೆ ಇಣುಕಿದಳು. "ಅಪ್ಪಾ, ಮಾನಿಟರ್ ವೈರನ್ನ ಕಾರ್ಡಿಗೇ ಚುಚ್ಚಿಲ್ಲ! ಬೇರೆ ತೂತಿಗೆ ಹಾಕಿದೀಯ. ಪಾಪ, ಕಾರ್ಡು ವಾರದಿಂದ ಸುಮ್ನೆ ಕೂತಿದೆ."

ಹೋದ ಶನಿವಾರ ಧೂಳು ಒರೆಸಿ ವೈರು ಜೋಡಿಸಿದವನು ನಾನೇ. ಸರಿಯಾಗಿ ಚುಚ್ಚಿದ್ದೇ ತಡ, ಪರದೆಯ ಕುದುರೆ ಒಮ್ಮೆಯೂ ಮುಗ್ಗರಿಸದೆ ಸೇತುವೆ ದಾಟಿತು! ತಕ್ಷಣ ಅಂಗಡಿಯವನಿಗೆ ಫೋನು ಮಾಡಿ, "ಇನ್ನು ಮೂರು ವರ್ಷ ಬಿಟ್ಟು ಕೇಳಪ್ಪಾ" ಎಂದೆ.

ವೈರಿನ ಸಂಗತಿ ಮಾತ್ರ ಹೇಳಲಿಲ್ಲ.