ಗಾಲಿಗೆ ಕೊಟ್ಟ ಕಲ್ಲು

9 ಮಾರ್ಚ್, ಭಾನುವಾರ

ಇವತ್ತೂ ಮುಗಿಯಲಿಲ್ಲ. ಬೆಳಿಗ್ಗೆಯಿಂದ ಸ್ಟೇರಿಂಗ್ ಕೆಳಗೆ ತಲೆ ತೂರಿಸಿ ಮಲಗಿದ್ದಾರೆ ನಮ್ಮ ಯಜಮಾನರು, ಶರಣ್. ಹೊರಗೆ ಕಾಣುವುದು ಎರಡು ಕಾಲು ಮಾತ್ರ. ಶರಣ್‌ಗೆ ವೈರಿಂಗ್ ಗೊತ್ತು ಅಂತ ಹೇಳಿದವರು ಯಾರು? ಅವರೇ.

ಚೆನ್ನಾಗಿ ಓಡುತ್ತಿದ್ದ ನನ್ನ ಕಾರು. ಯಾವುದೋ ವಿಡಿಯೊ ನೋಡಿ ರಿಮೋಟ್ ಸ್ಟಾರ್ಟರ್ ತರಿಸಿದರು. ಅಡುಗೆಮನೆಯಿಂದಲೇ ಗುಂಡಿ ಒತ್ತಿದರೆ ಅಂಗಳದಲ್ಲಿ ಎಂಜಿನ್ ಸ್ಟಾರ್ಟ್ ಆಗಿ, ನಾನು ಹೊರಡುವ ಹೊತ್ತಿಗೆ ಏಸಿ ತಣ್ಣಗಾಗಿರುತ್ತದಂತೆ. ನಾನು ಕೇಳಿದ್ದೆನಾ? ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಅಂತಾರಲ್ಲ, ಅದು ಇದೇ.

ನಾಳೆ ಬಿ.ದುರ್ಗದ ಸ್ಕೂಲಿಗೆ ಬಸ್ಸೇ ಗತಿ.

11 ಮಾರ್ಚ್, ಮಂಗಳವಾರ

ಬಸ್ಸಿನಲ್ಲಿ ನಿಂತೇ ಹೋದೆ, ನಿಂತೇ ಬಂದೆ. ಮನೆಗೆ ಬಂದರೆ ಹಾರ್ನ್ ಒತ್ತಿದಾಗ ವೈಪರ್ ಆಡುತ್ತಿದೆ!

"ಒಂದು ವೈರ್ ಅದಲುಬದಲಾಗೈತೆ, ಅಷ್ಟೆ" ಅಂದರು.

ಸ್ಪೇರ್ ಕೀಗೆ ಟೇಪ್ ಸುತ್ತಿ ಡ್ಯಾಶ್‌ಬೋರ್ಡ್ ಒಳಗೇ ಹೂತುಬಿಟ್ಟಿದ್ದಾರೆ. ಅದರ ಚಿಪ್ ಇಲ್ಲದೆ ಸ್ಟಾರ್ಟ್ ಆಗುವುದಿಲ್ಲವಂತೆ. ಇನ್ನೊಂದು ಕಳೆದರೆ ನನ್ನ ಕಥೆ ಮುಗಿಯಿತು.

ಮಾವ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಮೂವತ್ತು ವರ್ಷ ಲಾರಿ ಓಡಿಸಿದವರು. "ಲೇ ಶರಣ, ಕೀಲಿ ತಿರುವಾಕೆ ಕೈ ನೋಯ್ತೈತೇನಲೇ ನಿನಗೆ?"

ಇವರ ಮುಖ ನೋಡಬೇಕಿತ್ತು. ನನಗೆ ಸ್ವಲ್ಪ ಸಮಾಧಾನವಾಯಿತು.

16 ಮಾರ್ಚ್, ಭಾನುವಾರ, ಸಂಜೆ

ಅಂತೂ ಆಯಿತು. ಗುಂಡಿ ಒತ್ತಿ ಬೀದಿಗೆಲ್ಲ ತೋರಿಸಿದರು. ಆಮೇಲೆ ನನಗೆ ಪಾಠ.

"ಕ್ಲಚ್ ಒತ್ತದಿದ್ರೂ ಸ್ಟಾರ್ಟ್ ಆಗೋ ಹಂಗೆ ಮಾಡೀನಿ. ಅದಕ್ಕೇ ನಿಲ್ಸುವಾಗ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್. ಗೇರಲ್ಲಿದ್ರೆ ಗಾಡಿ ನೆಗೀತೈತೆ. ಅಪ್ಪಗೆ ನೀನೇ ಹೇಳು, ನನ್ನ ಮಾತು ಕೇಳಲ್ಲ."

ಮಾವ ಹ್ಯಾಂಡ್‌ಬ್ರೇಕ್ ನಂಬುವುದಿಲ್ಲ. ಹಿರಿಯೂರಿನ ಹತ್ತಿರ ನಿಲ್ಲಿಸಿದ್ದ ಲಾರಿ ಜಾರಿ ಅವರ ಗೆಳೆಯ ಈರಬಸಪ್ಪನ ಕಾಲು ಹೋಯಿತು. ಅಂದಿನಿಂದ ಗಾಡಿ ನಿಂತರೆ ಮೊದಲನೇ ಗೇರು, ಗಾಲಿಗೆ ಕಲ್ಲು. ದಿನಾ ಊಟವಾದ ಮೇಲೆ ಮೊಳೆಯಿಂದ ಕೀ ತೆಗೆದುಕೊಂಡು ಹೋಗಿ ನನ್ನ ಕಾರಿಗೂ ಅದೇ ಸೇವೆ. ಬೆಳಿಗ್ಗೆ ನಾನು ಹೊರಡುವ ಮುಂಚೆ ಬಂದು ಕಲ್ಲು ತೆಗೆದು ಬದಿಗಿಡುತ್ತಾರೆ. ಒಂದು ದಿನವೂ ನನ್ನಿಂದ ತೆಗೆಸಿಲ್ಲ.

ಹೇಳಬೇಕು. ಹೇಳಿದರೆ ಹಿರಿಯೂರಿನ ಕಥೆ ಮೊದಲಿನಿಂದ ಶುರು — ಒಂದು ಗಂಟೆ. ಸ್ಕೂಲಿನ ಮಕ್ಕಳ ಪೇಪರ್ ತಿದ್ದುವುದು ಬೇರೆ ಇದೆ. ಅಪ್ಪ-ಮಗನ ನಡುವೆ ನಾನೇ ಯಾಕೆ ಅಂಚೆಯವಳಾಗಬೇಕು? ನಾಳೆ ಹೇಳಿದರಾಯಿತು.

17 ಮಾರ್ಚ್, ಸೋಮವಾರ, ಹನ್ನೊಂದು ಗಂಟೆ

ಸ್ಕೂಲಿಗೆ ಹೋಗಿಲ್ಲ. ಈಗಷ್ಟೇ ಡಾಕ್ಟರ ಹತ್ತಿರ ಹೋಗಿ ಬಂದೆವು.

ದೋಸೆ ಹುಯ್ಯುತ್ತಾ, ಗೇರಿನ ಮಾತು ಮರೆತು, ಗುಂಡಿ ಒತ್ತಿದೆ. ಕಿಟಕಿಯಲ್ಲಿ ಒಮ್ಮೆ ನೋಡಬಹುದಿತ್ತು. ನೋಡಲಿಲ್ಲ. ಕಾರು ಗಕ್ಕನೆ ನೆಗೆದು ನಿಂತ ಸದ್ದು. ಆಮೇಲೆ ಮಾವನ ಕೂಗು.

ಗಾಲಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದರು, ನನಗಾಗಿ ಕಲ್ಲು ತೆಗೆಯಲು. ತೆಗೆದಿರಲಿಲ್ಲ... ಅದಕ್ಕೇ ಬದುಕಿದರು. ಕಲ್ಲಿಗೂ ಗಾಲಿಗೂ ನಡುವೆ ಅವರ ಎರಡು ಬೆರಳು. ಓಡಿ ಹೋಗಿ ಗೇರು ತೆಗೆದು ಕಾರನ್ನು ಹಿಂದಕ್ಕೆ ನೂಕಿದೆ.

ಡಾಕ್ಟರು ಒಂದು ಬೆರಳು ಮುರಿದಿದೆ ಅಂದರು. ಕಟ್ಟು ಹಾಕುವಾಗ ಮಾವ ನನ್ನನ್ನೇ ಸಮಾಧಾನ ಮಾಡುತ್ತಿದ್ದರು. "ಅಳಬ್ಯಾಡ ಕಣವ್ವ. ಗೇರಿಗೆ ಹಾಕಿದ್ದು ನಾನೇ. ನಿಂದೇನೈತೆ ಇದರಾಗೆ?"

ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ನಾನು. ಒಂದು ಗಂಟೆ ಉಳಿಸಿದೆ.

ಅದೇ ದಿನ, ಸಂಜೆ ಆರೂವರೆ

ಇವರು ಹೊಸದುರ್ಗದಲ್ಲಿ ಕೆಲಸ ಮುಗಿಸಿ ಈಗ ಬಂದರು. ಒಳಗೆ ಕೂತ ನನಗೆ ಎಲ್ಲ ಕೇಳಿಸುತ್ತಿದೆ.

"ಏನಾತಪ್ಪ ಕೈಗೆ?"

"ಗೇಟಿಗೆ ಸಿಗಾಕ್ಕಂತು. ಆ ಚಿಲಕ ಸರಿ ಇಲ್ಲ."

ಮಾವ ಸುಳ್ಳು ಹೇಳಿದ್ದನ್ನು ಈ ಮನೆಯಲ್ಲಿ ನಾನು ಕೇಳಿದ್ದು ಇದೇ ಮೊದಲು. ಇವರೋ, ಆಗಲೇ ಸ್ಪ್ಯಾನರ್ ಹಿಡಿದು ಗೇಟು ಬಿಚ್ಚಲು ಹೊರಟಿದ್ದಾರೆ. ಏನೂ ಆಗದ ಗೇಟು. ಸರಿಯಾಗಿರುವುದನ್ನು ಬಿಚ್ಚುವುದೇ ಈ ಮನುಷ್ಯನ ಹಣೆಬರಹ. ಏಳಬೇಕು, ಹೋಗಿ ಹೇಳಬೇಕು — ರೀ, ಗೇಟಲ್ಲ, ನಾನು...