ಲೌರಿ ಎಲಿಸಳ ಅದೇ ಉತ್ತರ

ಟಿರ್ ಗ್ಲಾಸ್ ಮನೆ,
ಕ್ವಮ್ ಬೆಡ್ವೆನ್, ವೇಲ್ಸ್
ಮಂಗಳವಾರ, ೧೪ ಮೇ ೧೯೬೩

ಪ್ರೀತಿಯ ತಮ್ಮ ಇಥೆಲ್‌ಗೆ ಅಕ್ಕನ ಆಶೀರ್ವಾದ.

ಮೊದಲು ನಿನ್ನ ಕೆಮ್ಮು ಹೇಗಿದೆ, ಅದನ್ನು ಬರೆ. ನೀನು ಈಗಲೂ ಕೆಮ್ಮಿಕೊಂಡೇ ಬೆಳಗಿನ ಜಾವ ಹಾಲಿನ ಗಾಡಿಯ ಜೊತೆ ಹೊರಡುತ್ತೀಯ ಎಂದು ಎನಿಡ್ ಬರೆದಿದ್ದಳು. ಅರವತ್ತಾದ ಮೇಲೆ ಲಂಡನ್ನಿನ ಹೊಗೆಮಂಜು ಕುಡಿದು ಯಾರನ್ನು ಉದ್ಧಾರ ಮಾಡಬೇಕಾಗಿದೆಯೋ ತಿಳಿಯದು. ಹೆಂಡತಿಯ ಮಾತು ಕೇಳು, ಅವಳು ನಿನಗಿಂತ ಬುದ್ಧಿವಂತೆ. ನಾನು ಆರೋಗ್ಯವಾಗಿದ್ದೇನೆ. ನಿನ್ನ ಭಾವ ಗ್ವಿಲಿಮ್‌ಗೆ ಮೊಣಕಾಲು ನೋವು. ಕುರಿಗಳ ಹಿಂದೆ ಓಡಲಾಗುವುದಿಲ್ಲ, ಈಗ ಓಡುವಷ್ಟು ಕುರಿಗಳೂ ಉಳಿದಿಲ್ಲ. ಮುಕ್ಕಾಲು ಪಾಲು ಮಾರಿದ್ದೇವೆ. ಅಕ್ಟೋಬರಿನೊಳಗೆ ಕಣಿವೆ ಖಾಲಿಯಾಗಬೇಕು. ಅಣೆಕಟ್ಟಿನ ಗೋಡೆ ಎಷ್ಟು ಎತ್ತರ ಎದ್ದಿದೆಯೆಂದರೆ ಸಂಜೆಯ ಬಿಸಿಲು ನಮ್ಮ ಅಡುಗೆಮನೆಗೆ ಮೊದಲಿಗಿಂತ ಬೇಗ ತಪ್ಪಿಹೋಗುತ್ತದೆ. ಮೇಲಿನ ಹಳ್ಳಿಯಲ್ಲಿ ನಮಗೆ ಕೊಟ್ಟ ಮನೆ ಚೆನ್ನಾಗಿದೆ. ನಲ್ಲಿಯಲ್ಲಿ ಬಿಸಿನೀರು ಬರುತ್ತದೆ. ನಮ್ಮನ್ನು ಎಬ್ಬಿಸಿ ಕಳಿಸುವುದೂ ನೀರೇ, ಅಲ್ಲಿ ಕಾದು ನಿಂತಿರುವುದೂ ನೀರೇ ಎಂದು ಗ್ವಿಲಿಮ್ ನಗುತ್ತಾನೆ.

ಇಷ್ಟು ಉದ್ದದ ಕಾಗದ ಬರೆಯಲು ಕಾರಣ ನಮ್ಮ ರೆಹೋಬೋತ್ ಸಭೆಯ ಹಳೆಯ ಪುಸ್ತಕಗಳು. ಕಳೆದ ತಿಂಗಳು ನಗರದ ನೀರಿನ ಇಲಾಖೆಯ ಗುಮಾಸ್ತನೊಬ್ಬ ನಮ್ಮ ಸಮಾಧಿ ಅಂಗಳಕ್ಕೆ ಬಂದ. ಇಂಗ್ಲಿಷಿನವನು, ಮೂವತ್ತರ ಒಳಗಿನವನು, ಬೂಟು ಹಾಳಾಗಬಾರದೆಂದು ಹುಲ್ಲಿನ ಅಂಚಿನಲ್ಲೇ ನಡೆಯುವ ಸಭ್ಯ ಮನುಷ್ಯ. ಯಾವ ಯಾವ ಸಮಾಧಿಗೆ ವಾರಸುದಾರರು ಇದ್ದಾರೋ ಅವರು ಕೇಳಿಕೊಂಡರೆ ಶವವನ್ನು ತೆಗೆದು ಮೇಲಿನ ಹಳ್ಳಿಯ ಹೊಸ ಸ್ಮಶಾನದಲ್ಲಿ ಹೂಳುತ್ತಾರೆ. ಕೇಳುವವರಿಲ್ಲದ ಸಮಾಧಿಗಳ ಮೇಲೆ ಕಾಂಕ್ರೀಟು ಸುರಿಯುತ್ತಾರೆ, ಆಮೇಲೆ ನೀರು. ಅಪ್ಪ, ಅಮ್ಮ, ಅಜ್ಜ, ಅಜ್ಜಿ ಇವರೆಲ್ಲರ ತಲೆಯ ಮೇಲೆ ಹೆಸರು ಕೆತ್ತಿದ ಕಲ್ಲಿದೆ, ತೊಂದರೆಯಿಲ್ಲ. ಗೇಟಿನಿಂದ ಮೂರನೆಯದು, ಗೋಡೆಯ ಕೆಳಗಿನ ಬರಿಯ ಹೊಲದ ಕಲ್ಲು ನಿನಗೆ ನೆನಪಿದೆಯೇ? ಹೂವಿನ ಭಾನುವಾರದ ದಿನ ಅಪ್ಪ ಉಳಿದ ಸಮಾಧಿಗಳಿಗೆಲ್ಲ ಹೂವಿಟ್ಟು ಕೊನೆಗೆ ಅಲ್ಲಿಗೂ ಒಂದು ಹಿಡಿ ಇಡುತ್ತಿದ್ದರು. ಯಾರು ಎಂದು ಕೇಳಿದರೆ "ನಮ್ಮವರೇ" ಎನ್ನುತ್ತಿದ್ದರು, ಅಷ್ಟೇ. ಗುಮಾಸ್ತ ಅದರ ಮುಂದೆ ನಿಂತು ಇಲ್ಲಿ ಯಾರು ಎಂದು ಕೇಳಿದ. ನಾನೂ "ನಮ್ಮವರೇ" ಎಂದೆ. "ಹೆಸರು ಬೇಕಲ್ಲ ಅಮ್ಮಾ, ದಾಖಲೆ ಬೇಕು" ಎಂದ. ಆರು ವಾರ ಸಮಯ ಕೊಟ್ಟ.

ಮೊದಲು ಊರಿನ ದೊಡ್ಡ ಚರ್ಚಿಗೆ ಹೋದೆ. ಅಲ್ಲಿನ ಪಾದ್ರಿ ಒಳ್ಳೆಯವರು, ಟೀ ಕೊಟ್ಟು ಚರ್ಮದ ಹೊದಿಕೆಯ ಪುಸ್ತಕಗಳನ್ನೆಲ್ಲ ತೆರೆದರು. ನೂರೈವತ್ತು ವರ್ಷಗಳ ಪುಟಗಳಲ್ಲಿ ನಮ್ಮ ಮನೆಯವರ ಹುಟ್ಟಿಲ್ಲ, ಸಾವಿಲ್ಲ. ಮದುವೆ ಮಾತ್ರ ಇದೆ, ಆಗಿನ ಕಾನೂನಿನ ಪ್ರಕಾರ ಎಲ್ಲರೂ ಅಲ್ಲಿಯೇ ಮದುವೆಯಾಗಬೇಕಿತ್ತಲ್ಲ. "ನಿಮ್ಮವರು ನಮ್ಮಲ್ಲಿಗೆ ಜೀವಮಾನಕ್ಕೊಂದು ಸಲ ಬರ್ತಿದ್ರು, ಅದೂ ಬೇರೆ ದಾರಿ ಇಲ್ದೆ" ಎಂದು ಪಾದ್ರಿ ನಕ್ಕರು. ಸರ್ಕಾರದ ಚರ್ಚು ಬೇಡವೆಂದು ಹೊರಬಂದವರ ಗುರುತು ಅವರೇ ಕಟ್ಟಿಕೊಂಡ ಸಭೆಯ ಪುಸ್ತಕದಲ್ಲಿ ಇರಬೇಕು, ಬೇರೆಲ್ಲೂ ಅಲ್ಲ. ಆ ಪುಸ್ತಕಗಳನ್ನು ನಮ್ಮ ಸಭಾಪಾಲಕರಾದ ಟುಡುರ್ ಅವರು ತಗಡಿನ ಪೆಟ್ಟಿಗೆಯಲ್ಲಿ ತುಂಬಿ ಗ್ರಂಥಾಲಯಕ್ಕೆ ಕಳಿಸಲು ಸಿದ್ಧ ಮಾಡಿದ್ದರು. ಅವರನ್ನು ಕೇಳಿಕೊಂಡು ಮೂರು ವಾರದ ಮಟ್ಟಿಗೆ ಮನೆಗೆ ತಂದುಕೊಂಡೆ. ಮಕ್ಕಳ ದೀಕ್ಷಾಸ್ನಾನದ ಪುಸ್ತಕ ತೇವಕ್ಕೆ ಮುದ್ದೆಯಾಗಿತ್ತು. ಸದಸ್ಯರ ಪುಸ್ತಕಗಳು ಚೆನ್ನಾಗಿದ್ದವು. ಯಾರು ಯಾವ ಸಭೆಯಿಂದ ವರ್ಗಾವಣೆಯ ಪತ್ರ ತಂದು ಸೇರಿದರು, ಯಾರು ಪತ್ರ ತೆಗೆದುಕೊಂಡು ಬೇರೆಡೆಗೆ ಹೋದರು, ಯಾರನ್ನು ಹೊರಹಾಕಿದರು, ಯಾರನ್ನು ಮರಳಿ ಸೇರಿಸಿಕೊಂಡರು, ಯಾರು ಸತ್ತರು, ಎಲ್ಲವೂ ಇದೆ. ಬೆಳಿಗ್ಗೆ ಹಾಲು ಕರೆದು ಮುಗಿಸಿ ಕಿಟಕಿಯ ಬಳಿ ಕೂತು ಒಂದೊಂದೇ ಪುಟ ಓದಿದೆ.

ಅಪ್ಪನ ಅಜ್ಜಿ ಲೌರಿ ಎಲಿಸ್ ಸಿಕ್ಕಿದಳು. ೧೮೨೯ರಲ್ಲಿ ಬೆಟ್ಟದಾಚೆಯ ಸಭೆಯಿಂದ ಪತ್ರ ತಂದು ಸೇರಿದ್ದಾಳೆ, ಮಾರ್ಗನ್ ಎಲಿಸನನ್ನು ಮದುವೆಯಾಗಿ ಬಂದವಳು. ಏಳು ವರ್ಷದ ಮೇಲೆ ಅವಳ ಹೆಸರಿನ ಮುಂದೆ "ಹೊರಹಾಕಲಾಯಿತು" ಎಂದಿದೆ. ಓದಿ ಪುಸ್ತಕ ಮುಚ್ಚಿಟ್ಟೆ ಇಥೆಲ್. ಐದು ತಲೆಮಾರು ಹಿರಿಯರ ಬೆಂಚಿನಲ್ಲಿ ಕೂತ ಮನೆ ನಮ್ಮದು ಎಂದು ಹೇಳಿಕೊಂಡು ಬೆಳೆದವಳು ನಾನು. ಗ್ವಿಲಿಮ್ "ಕಳ್ಳತನ ಮಾಡಿರ್ತಾಳೆ, ಇಲ್ಲಾ ಬೇರೆ ಯಾರಿಗೋ ಬಸುರಾಗಿರ್ತಾಳೆ, ಎರಡೇ ತಾನೆ ಇರೋದು" ಎಂದು ಚುಚ್ಚಿದ. ಆ ಸಿಟ್ಟಿಗೇ ಮತ್ತೆ ತೆರೆದು, ಆ ವರ್ಷದ ಹಿರಿಯರ ಕೂಟದ ಬರಹ ಹುಡುಕಿದೆ.

ಆ ಬೇಸಿಗೆಯಲ್ಲಿ ಐದು ವಾರ ಮಳೆ ಬಿಡಲಿಲ್ಲವಂತೆ. ಕೊಯ್ದ ಹುಲ್ಲು ಗದ್ದೆಯಲ್ಲೇ ಕೊಳೆಯುತ್ತಿತ್ತು. ಒಂದು ಭಾನುವಾರ ಬಿಸಿಲು ಬಂತು. ಲೌರಿ ಮತ್ತು ಮಾರ್ಗನ್ ಆರಾಧನೆಗೆ ಹೋಗದೆ ಹುಲ್ಲು ತಿರುವಿ ಹಾಕಿದರು. ಅವರ ನಾಲ್ಕು ವರ್ಷದ ಮಗ ಆಡುತ್ತಾ ಹೋಗಿ ತುಂಬಿದ ಹಳ್ಳಕ್ಕೆ ಬಿದ್ದ. ಮಗುವನ್ನು ಮಣ್ಣು ಮಾಡಿದ ಮುಂದಿನ ಭಾನುವಾರ, ಆರಾಧನೆ ಮುಗಿದು ಜನ ಅಂಗಳದಲ್ಲಿ ನಿಂತಿದ್ದಾಗ, ಸಭೆಯ ಹಿರಿಯ ಹಂಫ್ರಿ ಪ್ರೀಸ್ ಅವಳ ಎದುರಿಗೇ ಹೇಳಿದ: "ದೇವರ ದಿನ ಕದ್ದೋರ ಹತ್ರ ದೇವರು ತನ್ನ ಪಾಲು ತಗೊಂಡ." ಲೌರಿ ಅವನ ಕೆನ್ನೆಗೆ ಹೊಡೆದಳು. ಬರೆದವನ ಅಕ್ಷರ ಅಲ್ಲಿ ಚೂರೂ ನಡುಗಿಲ್ಲ, "ಬಲಗೈಯಿಂದ, ಎಲ್ಲರ ಮುಂದೆ" ಎಂದು ಬರೆದಿದ್ದಾನೆ. ಹಿರಿಯರು ಕರೆಸಿ ತಪ್ಪೊಪ್ಪಿಕೊಳ್ಳಲು ಹೇಳಿದರು. ಅವಳ ಮಾತನ್ನೂ ಹಾಗೆಯೇ ಬರೆದುಕೊಂಡಿದ್ದಾರೆ: "ಅವ್ರ ಕೆನ್ನೆ ಉರಿದಿದ್ದಕ್ಕೆ ನಂಗೆ ಬೇಜಾರಿದೆ. ಹೊಡೆದಿದ್ದಕ್ಕಿಲ್ಲ."

ಹೊರಹಾಕಿದರು. ಪ್ರಭುವಿನ ಭೋಜನವಿಲ್ಲ, ಮತವಿಲ್ಲ. ಆರಾಧನೆಗೆ ಬರುವುದನ್ನು ಮಾತ್ರ ಯಾರೂ ತಡೆಯುವಂತಿರಲಿಲ್ಲ. ಅವಳು ಬಂದಳು. ಪ್ರತಿ ಭಾನುವಾರ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತಳು. ವರ್ಷಕ್ಕೊಮ್ಮೆ ಇಬ್ಬರು ಹಿರಿಯರು ಟಿರ್ ಗ್ಲಾಸಿಗೆ, ಅಂದರೆ ನಾನೀಗ ಕೂತು ಬರೆಯುತ್ತಿರುವ ಇದೇ ಮನೆಗೆ ಬಂದು, ಈಗಲಾದರೂ ಪಶ್ಚಾತ್ತಾಪವಿದೆಯೇ ಎಂದು ಕೇಳಿದ್ದಾರೆ. ಮೊದಲ ವರ್ಷ ಅವಳ ಮಾತನ್ನು ಪೂರ್ತಿ ಬರೆದಿದ್ದಾರೆ. ಎರಡನೆಯ ವರ್ಷದಿಂದ "ಅದೇ ಉತ್ತರ" ಎಂದಷ್ಟೇ ಇದೆ. ಹನ್ನೆರಡು ವರ್ಷ ಕೇಳಿದ್ದಾರೆ. ಆಮೇಲೆ ಅವರಿಗೇ ಸಾಕಾಯಿತೇನೋ, ಕೇಳುವುದನ್ನು ಬಿಟ್ಟರು. ಅವಳು ಬರುವುದನ್ನು ಬಿಡಲಿಲ್ಲ.

೧೮೫೭ರ ನವೆಂಬರಿನಲ್ಲಿ ಒಂದು ಪುಟವಿದೆ. ಹಂಫ್ರಿ ಪ್ರೀಸನಿಗೆ ಆಗ ಎಂಬತ್ತರ ಹತ್ತಿರ. ಇಬ್ಬರು ಹಿಡಿದುಕೊಂಡು ಎಬ್ಬಿಸಿ ನಿಲ್ಲಿಸಿದರಂತೆ. ಸಭೆಯ ಮುಂದೆ ಹೇಳಿದ: "ಶೆನ್ಕಿನ್ ಸತ್ತ ವಾರ ನಾನಾಡಿದ ಮಾತು ದೇವರದ್ದಲ್ಲ. ನನ್ನದು." ಶೆನ್ಕಿನ್! ಇಷ್ಟು ಪುಸ್ತಕಗಳಲ್ಲಿ ಆ ಮಗುವಿನ ಹೆಸರು ಬರುವುದು ಇದೊಂದೇ ಕಡೆ, ಅದೂ ಅವನ ಬಾಯಲ್ಲಿ. ಇಪ್ಪತ್ತೊಂದು ವರ್ಷ ಆ ಹೆಸರನ್ನು ಅವನು ಎಲ್ಲಿಟ್ಟುಕೊಂಡಿದ್ದನೋ. ಆಮೇಲೆ ಸಭಾಪಾಲಕರು ಲೌರಿಯನ್ನು ಮರಳಿ ಬರುತ್ತೀಯಾ ಎಂದು ಕೇಳಿದ್ದಾರೆ. ಅವಳು "ನಾನೆಲ್ಲೂ ಹೋಗಿರಲಿಲ್ಲವಲ್ಲ" ಎಂದಳಂತೆ. ನಾಲ್ಕು ವರ್ಷದ ನಂತರದ ಸಾಲು ನಮಗೆ ಬೇಕಾಗಿದ್ದುದು: "ಲೌರಿ ಎಲಿಸ್ ತೀರಿಕೊಂಡಳು. ಅವಳ ಇಚ್ಛೆಯಂತೆ ಮಗನ ಜೊತೆಗೇ ಇಡಲಾಯಿತು, ಗೇಟಿನಿಂದ ಮೂರನೆಯದು."

ಕಳೆದ ಗುರುವಾರ ಪುಸ್ತಕವನ್ನು ಶಾಲಿನಲ್ಲಿ ಸುತ್ತಿಕೊಂಡು ಗುಮಾಸ್ತನ ಬಳಿ ಹೋದೆ. ಅವನಿಗೆ ನಮ್ಮ ಭಾಷೆ ಬಾರದು. ಒಂದೊಂದೇ ಸಾಲು ಓದಿ ಅರ್ಥ ಹೇಳಿದೆ. ಕೆನ್ನೆಯ ವಿಷಯ ಬಂದಾಗ ಅವನು ಪೆನ್ನು ಕೆಳಗಿಟ್ಟು ಕಿವಿಗೊಟ್ಟ. "ಹಾಗಾದರೆ ಒಬ್ಬರು ಅಂತ ಬರೆಯಲೇ?" ಎಂದ ಕೊನೆಗೆ. "ಇಬ್ಬರು" ಎಂದೆ. ಅಷ್ಟು ಚಿಕ್ಕ ಮಗುವಿನದು ಈಗ ಏನೂ ಉಳಿದಿರುವುದಿಲ್ಲ ಅಮ್ಮಾ ಎಂದು ಮೆಲ್ಲಗೆ ಹೇಳಿದ. ಗೊತ್ತು, ಆದರೂ ಇಬ್ಬರು ಎಂದೆ. ಬರೆದುಕೊಂಡ. ಹೊಸ ಕಲ್ಲಿನ ಮೇಲೆ ಎರಡು ಹೆಸರು ಇರುತ್ತವೆ.

ಇನ್ನೊಂದು ವಿಷಯ. ಬರೆಯಲೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿದೆ. ಅಪ್ಪ ಇಪ್ಪತ್ತು ವರ್ಷ ಸಭೆಯ ಕಾರ್ಯದರ್ಶಿಯಾಗಿದ್ದರು, ಈ ಪುಸ್ತಕಗಳೆಲ್ಲ ನಮ್ಮ ಕಪಾಟಿನಲ್ಲೇ ಇದ್ದವು. ಲೌರಿಯ ಕಥೆ ಅವರು ಓದಿರಲೇಬೇಕು. ನಮಗೆ ಒಂದು ಮಾತೂ ಹೇಳಲಿಲ್ಲ. ಭಾನುವಾರ ಹಾಲು ಮಾರುವವನು ನನ್ನ ಮಗನಲ್ಲ ಎಂದು ಅವರು ನಿನಗೆ ಹೇಳಿದ್ದು, ಭಾನುವಾರ ಹಸುವಿನ ಕೆಚ್ಚಲು ಬತ್ತುತ್ತದಾ ಅಪ್ಪಾ ಎಂದು ನೀನು ತಿರುಗಿ ಕೇಳಿದ್ದು, ಇದೇ ಮೇಜಿನ ಬಳಿ. ಅದು ೧೯೩೧. ಹೊರಟ ಮೇಲೆ ನೀನು ವರ್ಗಾವಣೆಯ ಪತ್ರ ಕೇಳಲಿಲ್ಲ, ಲಂಡನ್ನಿನ ಯಾವ ಸಭೆಗೂ ಸೇರಲಿಲ್ಲ. ಒಂದು ವರ್ಷ ಸುದ್ದಿಯಿಲ್ಲದ ಸದಸ್ಯನ ಹೆಸರನ್ನು ಹೊಡೆದುಹಾಕಬೇಕೆಂಬುದು ನಿಯಮ. ಸದಸ್ಯರ ಪಟ್ಟಿಯನ್ನು ಪ್ರತಿ ಜನವರಿ ಹೊಸದಾಗಿ ಬರೆಯುತ್ತಿದ್ದರಲ್ಲ, ಅದನ್ನು ನೋಡಿದೆ. ೧೯೩೨ರಲ್ಲಿ ಅಪ್ಪನ ಅಕ್ಷರದಲ್ಲಿ ನಿನ್ನ ಹೆಸರಿದೆ, ಪಕ್ಕದಲ್ಲಿ "ಲಂಡನ್ನಿನಲ್ಲಿ" ಎಂದಿದೆ. ೩೩ರಲ್ಲಿ ಇದೆ. ಯುದ್ಧದ ವರ್ಷಗಳಲ್ಲೂ ಇದೆ. ೧೯೪೭ರ ಜನವರಿಯಲ್ಲಿ ಅಕ್ಷರಗಳು ಸಾಲು ಬಿಟ್ಟು ಇಳಿದಿವೆ, ಆದರೂ ಇದೆ. ಮುಂದಿನ ವರ್ಷ ಹೊಸ ಕಾರ್ಯದರ್ಶಿ ಬಂದು ಹೊಡೆದುಹಾಕಿದ್ದಾನೆ. ಅವನಿಗೆ ನಿಯಮ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು.

ಇದರಿಂದ ಯಾರದು ಸರಿ ಎಂದು ನಾನು ಹೇಳುತ್ತಿಲ್ಲ. ಪುಸ್ತಕ ನಾಳೆ ಪೆಟ್ಟಿಗೆ ಸೇರುತ್ತದೆ, ಹೋಗುವ ಮೊದಲು ನಿನಗೆ ತಿಳಿದಿರಲಿ ಎಂದು ಬರೆದೆ. ಎನಿಡ್‌ಗೆ, ಮಕ್ಕಳಿಗೆ ನನ್ನ ಪ್ರೀತಿ ತಿಳಿಸು. ಗ್ವಿಲಿಮ್ ನಿನ್ನನ್ನು ಕೇಳಿದ್ದಾನೆ. ಕೆಮ್ಮಿಗೆ ಜೇನು ಹಾಕಿ ಬಿಸಿ ಹಾಲು ಕುಡಿ, ಅಂಗಡಿಯಲ್ಲಿ ಹಾಲಿಗೇನು ಬರವಿಲ್ಲ. ದೇವರು ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ನೆಸ್ಟಾ

ಮರೆತ ಮಾತು: ಅಂಚೆಯವನು ಗೇಟಿನಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತಿದ್ದೇನೆ. ಜೂನ್ ೧೩, ಗುರುವಾರ ಬೆಳಿಗ್ಗೆ ಹತ್ತಕ್ಕೆ ಅಪ್ಪನನ್ನು ಮೇಲಿನ ಹಳ್ಳಿಗೆ ತರುತ್ತಾರೆ. ಹತ್ತಿರದ ಸಂಬಂಧಿಕರು ನಿಲ್ಲಬಹುದು, ಟುಡುರ್ ಪ್ರಾರ್ಥನೆ ಮಾಡುತ್ತಾರೆ. ಮೊದಲ ಸಲ ಅಪ್ಪನನ್ನು ಮಣ್ಣು ಮಾಡಿದಾಗ, ೪೭ರ ಚಳಿಗಾಲದಲ್ಲಿ, ಹಿಮ ಬಿದ್ದು ರೈಲು ನಿಂತಿದೆ ಎಂದು ನೀನು ತಂತಿ ಕಳಿಸಿದ್ದೆ. ನಿಂತಿದ್ದು ನಿಜ. ಬಾಲಾ ಪಟ್ಟಣದಿಂದ ನಾಲ್ವರು ಆ ಹಿಮದಲ್ಲೇ ನಡೆದು ಬಂದಿದ್ದೂ ನಿಜ. ನಾನು ಈವರೆಗೆ ನಿನ್ನನ್ನು ಏನೂ ಕೇಳಿಲ್ಲ, ಈಗಲೂ ಕೇಳುವುದಿಲ್ಲ. ಒಬ್ಬ ಮನುಷ್ಯನನ್ನು ಎರಡು ಸಲ ಮಣ್ಣು ಮಾಡುವುದು ಎಲ್ಲರ ಮನೆಯಲ್ಲೂ ಆಗುವುದಿಲ್ಲ. ಬಾ ಇಥೆಲ್. ಜೂನ್ ತಿಂಗಳಲ್ಲಿ ಹಿಮ ಬೀಳುವುದಿಲ್ಲ.