ನಲವತ್ತು ತಲೆ, ಲೆಕ್ಕ ಸರಿ

ತಾರೀಕು ಹದಿನಾಲ್ಕು, ಬುಧವಾರ
ಮಧ್ಯಾಹ್ನ, ಹೊಲಿಗೆ ಅಂಗಡಿಯಿಂದ

ಮಗಳೇ,

ನಾನು ಚೆನ್ನಾಗಿದ್ದೇನೆ, ನೀನೂ ಚೆನ್ನಾಗಿರಬೇಕು. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಅಮ್ಮಾ, ಒಂದ್ನಿಮಿಷ" ಎಂದು ನಡುವೆ ಬಾಯಿ ಹಾಕುತ್ತೀಯ. ಆ ಒಂದು ನಿಮಿಷದಲ್ಲಿ ನನ್ನ ಧೈರ್ಯ ಜಾರಿಹೋಗುತ್ತದೆ. ಕಾಗದ ಹಾಗೆ ಮಾಡುವುದಿಲ್ಲ. ಕೊನೆಯವರೆಗೂ ಓದು. ಅಳಿಯಂದಿರಿಗೆ ತೋರಿಸಬೇಡ.

ನೀನು ಕಳಿಸಿದ ಮೂರು ಟೂರುಗಳ ಬ್ರೋಷರ್‌ಗಳನ್ನೂ ಓದಿದೆ. ಹೈಸ್ಕೂಲು ಮುಗಿಸಿದವಳು ನಾನು, ಕೊನೆಯ ಪುಟದ ಸಣ್ಣ ಅಕ್ಷರವನ್ನೂ ಬಿಟ್ಟಿಲ್ಲ.

ಮೊದಲನೆಯದು ಹನ್ನೊಂದು ದಿನಕ್ಕೆ ಏಳು ದೇಶ. ಅದು ಪ್ರವಾಸವಲ್ಲ, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಓಡುವುದು. ಬೆಳಗ್ಗೆ ಐದಕ್ಕೆ ಎದ್ದು ಆರಕ್ಕೆ ಸೂಟ್‌ಕೇಸು ಬಾಗಿಲಾಚೆ ಇಡಬೇಕಂತೆ. ನಿನ್ನ ಅತ್ತೆಯವರು ಮಂಡಿಗೆ ಪಟ್ಟಿ ಸುತ್ತಿಕೊಳ್ಳುವಷ್ಟರಲ್ಲಿ ಒಂದು ದೇಶ ಮುಗಿದಿರುತ್ತದೆ. ನಿನ್ನ ಚಿಕ್ಕವನೋ, ಬಸ್ಸು ತಿರುವಿಗೆ ಬಂದರೆ ಸಾಕು, ವಾಂತಿ. ಆ ಬ್ರೋಷರನ್ನು ಕಸದ ಬುಟ್ಟಿಗೆ ಹಾಕಿದ್ದೇನೆ.

ಮೂರನೆಯದು ಸಮುದ್ರದ ದಂಡೆಯದು. ಎಂಟು ದಿನವೂ ಒಂದೇ ಹೋಟೆಲು, ಲಿಫ್ಟ್ ಇದೆ, ಗುಂಪು ಹದಿನಾರು ಜನಕ್ಕಿಂತ ಹೆಚ್ಚಾಗುವುದಿಲ್ಲ. ಸುತ್ತಾಡುವ ಮನಸ್ಸಿಲ್ಲದವರು ಅವತ್ತು ಕೋಣೆಯಲ್ಲೇ ಉಳಿಯಬಹುದು. ದೊಡ್ಡವಳಿಗೆ ಈಜುವ ಹುಚ್ಚು, ಬೀಗಿತ್ತಿಗೆ ಕೂತು ಹರಟುವ ಹುಚ್ಚು, ಇಬ್ಬರಿಗೂ ಜಾಗವಿದೆ. ಇದಕ್ಕೆ ನನ್ನ ಒಪ್ಪಿಗೆ.

ಆದರೆ ನೀನು ಕೆಂಪು ಶಾಯಿಯಲ್ಲಿ ಗುರುತು ಹಾಕಿರುವುದು ಎರಡನೆಯದಕ್ಕೆ. ಸರೋವರದ ಊರಿನ ಟೂರು. ಒಂಬತ್ತು ವರ್ಷದ ಹಿಂದೆ ನಾನೂ ನಿಮ್ಮಪ್ಪನೂ ಹೋಗಿದ್ದು ಇದಕ್ಕೇ, ಅದೇ ದಾರಿ, ಅದೇ ಕಂಪನಿ. "ಈ ಸಲ ಮೊಮ್ಮಕ್ಕಳ ಜೊತೆ! ಅಪ್ಪನಿಗೆ ಹೇಳಬೇಡ, ಅಲ್ಲಿಗೆ ಹೋದ ಮೇಲೆ ಅವರ ಮುಖ ನೋಡೋಣ" ಎಂದು ಬದಿಯಲ್ಲಿ ಬರೆದಿದ್ದೀಯ. ಶನಿವಾರದೊಳಗೆ ಏಳು ಜನರ ಹೆಸರು ಕೊಡಬೇಕು ಎಂದೂ ಬರೆದಿದ್ದೀಯ.

ಅದು ಬೇಡ. ಮೆಟ್ಟಿಲು ಜಾಸ್ತಿ, ಚಳಿ ಜಾಸ್ತಿ, ಶೌಚಾಲಯಕ್ಕೆ ಬಸ್ಸು ನಿಲ್ಲಿಸುವುದಿಲ್ಲ ಎಂದೆಲ್ಲ ಭಾನುವಾರ ಹೇಳಿದೆ. ನೀನು ನಕ್ಕು, "ನೀನು ಮೆಟ್ಟಿಲಿಗೆ ಹೆದರಿದ್ದು ಯಾವಾಗಮ್ಮ? ಮೆಟ್ಟಿಲೇ ನಿನಗೆ ಹೆದರಬೇಕು" ಎಂದೆ. ಹೌದು, ಅಷ್ಟೂ ಸುಳ್ಳು. ನಿಜವನ್ನು ಇಲ್ಲಿ ಬರೆಯುತ್ತೇನೆ.

ನಿಮ್ಮಪ್ಪ ಮೂವತ್ತನಾಲ್ಕು ವರ್ಷ ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡಿದವರು. ನಡುರಸ್ತೆಯಲ್ಲಿ ಕೈ ಅಡ್ಡ ಹಿಡಿದು ನಿಂತರೆ ಎಂಥ ಡ್ರೈವರನೂ ಬ್ರೇಕ್ ಒತ್ತುತ್ತಿದ್ದ. ಆ ಗತ್ತು ಮನೆಗೂ ಬಂದಿತ್ತು. ಮದುವೆಯಾಗಿ ಮೂವತ್ತೆಂಟು ವರ್ಷ, ಅವರು ಹತ್ತು ಹೆಜ್ಜೆ ಮುಂದೆ, ನಾನು ಹಿಂದೆ. ತಿರುಗಿ ನೋಡಿದ್ದನ್ನು ನಾನು ಕಂಡಿಲ್ಲ. ನಾನೂ ಬಗ್ಗುವವಳಲ್ಲ, ಓಡಿ ಹೋಗಿ ಪಕ್ಕ ಸೇರಲಿಲ್ಲ. ನಿವೃತ್ತಿಗೆಂದು ನೀನು ಆ ಟೂರಿಗೆ ಕಳಿಸಿದೆ. ಅಲ್ಲಿಯೂ ಹಾಗೆಯೇ ನಡೆದೆವು.

ಗೈಡ್ ಹೆಂಗಸು ಯಾವಾಗಲೂ ಹಳದಿ ಕೊಡೆ ಎತ್ತಿ ಹಿಡಿಯುತ್ತಿದ್ದಳು. ಗುಂಪಿನವರೆಲ್ಲ ಅವಳನ್ನು ಕೊಡೆಯಮ್ಮ ಎನ್ನುತ್ತಿದ್ದೆವು. ಬಸ್ಸು ಹತ್ತಿದಾಗಲೆಲ್ಲ ಸೀಟಿನ ಬೆನ್ನು ತಟ್ಟುತ್ತ ಒಂದು, ಎರಡು ಎಂದು ಎಣಿಸಿಕೊಂಡು ಬರುತ್ತಿದ್ದಳು. ಮೊದಲ ದಿನವೇ ನಿಮ್ಮಪ್ಪ ಅವಳನ್ನು ತಡೆದರು. "ಏನಮ್ಮಾ, ತಲೆ ಎಣಿಸ್ತೀಯಲ್ಲ, ಮುಖ ನೋಡು. ತಲೆ ಎಲ್ಲರಿಗೂ ಇರುತ್ತೆ" ಎಂದರು. ಬಸ್ಸಿನವರೆಲ್ಲ ನಕ್ಕರು. ಅವಳೂ ನಕ್ಕಳು, ಮತ್ತೆ ತಲೆಯನ್ನೇ ಎಣಿಸಿದಳು.

ನಾಲ್ಕನೆಯ ದಿನ ಸರೋವರದ ಊರು. ಅಂದು ಬೆಳಗ್ಗೆ ನಾನು ಎರಡು ನಿಮಿಷ ತಡವಾಗಿ ಬಸ್ಸು ಹತ್ತಿದೆ. ಅಷ್ಟಕ್ಕೇ ನಿಮ್ಮಪ್ಪ ಮೂವತ್ತೆಂಟು ಜನರ ಎದುರು, "ಇವಳನ್ನ ಕಟ್ಕೊಂಡು ಬಂದವನಿಗೆ ಊರು ನೋಡೋ ಭಾಗ್ಯ ಎಲ್ಲಿ" ಎಂದರು. ಮಧ್ಯಾಹ್ನ ಎರಡೂವರೆಗೆ ಕೊಡೆಯಮ್ಮ ಒಂದೂವರೆ ಗಂಟೆ ಬಿಡುವು ಕೊಟ್ಟಳು, ನಾಲ್ಕಕ್ಕೆ ಸರಿಯಾಗಿ ಬಸ್ಸಿನಲ್ಲಿರಬೇಕು ಎಂದಳು. ರಸ್ತೆ ಬದಿಗೆ ಬರೀ ಅಂಗಿ ಗುಂಡಿ ಮಾರುವ ಒಂದು ಅಂಗಡಿ ಇತ್ತು. ನೆಲದಿಂದ ಚಾವಣಿಯವರೆಗೆ ಸಣ್ಣ ಸಣ್ಣ ಡ್ರಾಯರು, ಪ್ರತಿ ಡ್ರಾಯರಿನ ಮುಖಕ್ಕೂ ಒಂದು ಗುಂಡಿ ಅಂಟಿಸಿದ್ದರು. ನನ್ನ ಕಾಲು ನಿಂತಿತು. "ನಿನ್ನ ಗುಂಡಿ ನೀನು ನೋಡ್ಕೋ" ಎಂದು ನಿಮ್ಮಪ್ಪ ದೋಣಿ ನಿಲ್ಲುವ ಕಟ್ಟೆಯ ಕಡೆ ಹೋದರು.

ಆಮೇಲೆ ನೀರಿನ ಮೇಲಿಂದ ಮಂಜು ಬಂತು. ಹಾಡುಹಗಲು, ಆದರೂ ರಸ್ತೆಯ ಆಚೆ ಬದಿ ಕಾಣದು. ನಾಲ್ಕಕ್ಕೆ ಸ್ವಲ್ಪ ಮುಂಚೆ ನಾನು ಬಸ್ಸಿನ ಕಡೆ ನಡೆಯುತ್ತಿದ್ದೆ, ಪಕ್ಕದಲ್ಲಿ ಯಾರೋ ನನ್ನ ಹೆಜ್ಜೆಗೆ ಹೆಜ್ಜೆ ಹಾಕುತ್ತಿದ್ದಾರೆ ಅನ್ನಿಸಿತು. ತಿರುಗಿದರೆ ನಿಮ್ಮಪ್ಪ. ಅದೇ ಕಂದು ಕೋಟು, ಬೆಳಗ್ಗೆ ಕ್ಷೌರದಲ್ಲಿ ಗದ್ದಕ್ಕೆ ಆಗಿದ್ದ ಅದೇ ಗೀರು. ನನ್ನ ಕೈಚೀಲ ತೆಗೆದುಕೊಂಡು, "ಸುಸ್ತಾಯ್ತಾ?" ಎಂದರು.

ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಕೇಳಿದ ಮಾತು. ಬೆಳಗ್ಗೆ ಬೈದದ್ದಕ್ಕೆ ನಾಚಿಕೆಯಾಗಿರಬೇಕು ಎಂದುಕೊಂಡೆ. ಬಸ್ಸಿನಲ್ಲಿ ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟರು. ಕೊಡೆಯಮ್ಮ ತಟ್ಟುತ್ತ ಬಂದಳು, ಇವರು ಅವಳಿಗೆ ಏನೂ ಹೇಳದೆ ಮುಗುಳ್ನಕ್ಕರು. "ನಲವತ್ತು! ಲೆಕ್ಕ ಸರಿ!" ಎಂದು ಅವಳು ಕೂಗಿದಳು. ಬಸ್ಸು ಹೊರಟಿತು.

ಆಗ ಕಿಟಕಿಯಿಂದ ನೋಡಿದೆ. ನಿಮ್ಮಪ್ಪ ಹೊರಗಿದ್ದರು. ಕಟ್ಟೆಯ ಕಡೆಯಿಂದ ಬಂದು ರಸ್ತೆಯ ಅಂಚಿನಲ್ಲಿ ನಿಂತು ಕೈ ಅಡ್ಡ ಹಿಡಿದಿದ್ದರು, ಮೂವತ್ತನಾಲ್ಕು ವರ್ಷ ಹಿಡಿದ ಹಾಗೆ. ಬಸ್ಸು ನಿಲ್ಲಲಿಲ್ಲ. ಅವರ ಬಾಯಿ ತೆರೆದಿತ್ತು, ಏನು ಕೂಗುತ್ತಿದ್ದರೋ ಗಾಜಿನೊಳಗೆ ಕೇಳಲಿಲ್ಲ. ಪಕ್ಕಕ್ಕೆ ನೋಡಿದೆ. ಪಕ್ಕದಲ್ಲೂ ಅವರೇ, ನನ್ನ ಚೀಲದ ಜಿಪ್ಪು ಸರಿಮಾಡುತ್ತ ಕೂತಿದ್ದರು.

ಒಂದು ಕೂಗು ಸಾಕಿತ್ತು, ಮಗಳೇ. ನನ್ನ ಗಂಟಲು ನಿನಗೆ ಗೊತ್ತಲ್ಲ, ಅಂಗಡಿಯಲ್ಲಿ ಕೂಗಿದರೆ ಬೀದಿ ತುದಿಗೆ ಕೇಳುತ್ತದೆ. ನಾನು ಕೂಗಲಿಲ್ಲ. ಬೆಳಗಿನ ಮಾತು ಇನ್ನೂ ಉರಿಯುತ್ತಿತ್ತು. ಬಸ್ಸಿನವರೆಲ್ಲ ಮತ್ತೆ ನನ್ನ ಕಡೆ ತಿರುಗುತ್ತಾರೆ, ಈ ಹೆಂಗಸಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ ಎಂಬ ಬಿಗುಮಾನ. ಮತ್ತೆ, ನನ್ನ ಕೈ ಪಕ್ಕದ ಕೈ ಬೆಚ್ಚಗಿತ್ತು. ಕಣ್ಣು ಮುಚ್ಚಿಕೊಂಡೆ. ತೆರೆದಾಗ ಸರೋವರ ಹಿಂದೆ ಉಳಿದಿತ್ತು.

ಆಮೇಲೆ ಯಾರೂ ಏನೂ ಕೇಳಲಿಲ್ಲ. ಪೊಲೀಸರು ಬರಲಿಲ್ಲ, ಕಂಪನಿಯವರು ಫೋನು ಮಾಡಲಿಲ್ಲ. ಲೆಕ್ಕ ಸರಿ ಇದ್ದ ಮೇಲೆ ಯಾರನ್ನು ಹುಡುಕುವುದು?

ನೀನು ಗಮನಿಸಲಿಲ್ಲ, ನಾನು ಬಿಡಲೂ ಇಲ್ಲ. ನಿಮ್ಮಪ್ಪನ ಹಳೆಯ ಚಪ್ಪಲಿ, ನನ್ನ ಜೊತೆ ಮನೆಗೆ ಬಂದ ಇವರಿಗೆ ಒಂದು ಬೆರಳಷ್ಟು ದೊಡ್ಡದು. ನೀವು ಬರುವ ಮೊದಲೇ ಎಲ್ಲ ಜೋಡಿಗಳನ್ನೂ ಬದಲಾಯಿಸಿಬಿಟ್ಟೆ. ಬಿಸ್ಕತ್ತಿಗೆ ಅವರ ಹಿಂದೆಯೇ ಅಲೆಯುತ್ತಿದ್ದ ಬೀದಿ ನಾಯಿ ಇವರನ್ನು ಕಂಡರೆ ರಸ್ತೆ ದಾಟಿ ಹೋಗುತ್ತಿತ್ತು. ಇವರಿಗೆ ಎಲ್ಲವೂ ಗೊತ್ತು, ನಿನ್ನ ಹುಟ್ಟಿದ ದಿನ, ಅವರ ಡಿಪೋದ ಬಸ್ಸುಗಳ ನಂಬರು, ನನ್ನ ಅಣ್ಣಂದಿರ ಜಗಳ. ಆದರೆ ಏನು ಕೇಳಿದರೂ ಒಂದು ಗಳಿಗೆ ಸುಮ್ಮನಿದ್ದು ಉತ್ತರ ಕೊಡುತ್ತಾರೆ, ಹಿಂದಿನಿಂದ ಯಾರೋ ಹೇಳಿಕೊಟ್ಟ ಹಾಗೆ.

ಬಂದ ತಿಂಗಳಲ್ಲೇ ಕ್ಷೌರದಂಗಡಿಯವನು ನನ್ನನ್ನು ಬೀದಿಯಲ್ಲಿ ನಿಲ್ಲಿಸಿ ಕೇಳಿದ. "ಅಕ್ಕಾ, ಯಜಮಾನರ ನೆತ್ತೀಲಿ ಎರಡು ಸುಳಿ ಇತ್ತಲ್ಲ? ಈಗ ಒಂದೇ ಇದೆಯಲ್ಲ!" ನಾನು, "ನಿನಗೆ ವಯಸ್ಸಾಯ್ತು, ಕನ್ನಡಕ ಹಾಕ್ಕೋ" ಎಂದು ಬಾಯಿ ಮುಚ್ಚಿಸಿದೆ. ಅಂದಿನಿಂದ ಇವರ ಕೂದಲು ಕತ್ತರಿಸುವುದು ನಾನೇ. ಅಮ್ಮನಿಗೆ ಜಿಪುಣತನ ಎಂದು ನೀನು ಆಡಿಕೊಂಡೆ, ಆಡಿಕೊಳ್ಳಲಿ ಎಂದು ಬಿಟ್ಟೆ. ನಮ್ಮ ಮದುವೆಯಲ್ಲಿ ನನ್ನ ಚಿಕ್ಕಮ್ಮ ಆ ಎರಡು ಸುಳಿ ನೋಡಿ, "ಈ ಅಳಿಯನಿಗೆ ಎರಡು ಮದುವೆ ಗ್ಯಾರಂಟಿ" ಎಂದು ನಗಿಸಿದ್ದಳು. ಎರಡನೆಯ ಮದುವೆ ಆದದ್ದು ನನಗೆ.

ಒಂದು ಮಾತು ಗಮನಿಸಿದ್ದೀಯೋ ಇಲ್ಲವೋ. ಮೊದಲೆಲ್ಲ ನಾನು ನಿಮ್ಮಪ್ಪನ ವಿಷಯ ಬಂದರೆ "ಅವರು" ಎನ್ನುತ್ತಿದ್ದೆ. ಪಕ್ಕದಲ್ಲೇ ಕೂತಿದ್ದರೂ ಅವರು ಅವರೇ, ಹತ್ತು ಹೆಜ್ಜೆ ದೂರ. ಈ ಒಂಬತ್ತು ವರ್ಷ "ಇವರು" ಎನ್ನುತ್ತೇನೆ. ನನ್ನ ನಾಲಿಗೆ ತಾನೇ ಹಾಗೆ ಮಾಡಿಕೊಂಡಿತು. ಇವರು ದಿನಾ ಮಧ್ಯಾಹ್ನ ಅಂಗಡಿಗೆ ಬಂದು ಗುಂಡಿ ಹೊಲಿಯುತ್ತಾರೆ, ಕಾಜಾ ಹಾಕುವುದನ್ನೂ ಕಲಿತಿದ್ದಾರೆ. ನನ್ನ ಕೆಲಸದ ಹೆಂಗಸರು, "ಅಮ್ಮಾ, ನಿಮ್ಮ ಯಜಮಾನ್ರನ್ನ ನಮ್ಮನೆಗೂ ಒಂದ್ವಾರ ಕಳಿಸಿ, ನಮ್ಮವರು ನೋಡಿ ಕಲೀಲಿ" ಎನ್ನುತ್ತಾರೆ. ನಾನು ಗದರಿಸುತ್ತೇನೆ, ಒಳಗೊಳಗೇ ಹಿಗ್ಗುತ್ತೇನೆ.

ಈಗ ತಿಳಿಯಿತೇ, ಯಾಕೆ ಬೇಡ ಎಂದು? ಅದೇ ದಾರಿ ಎಂದರೆ ಅದೇ ಕಟ್ಟೆಯ ಬಳಿ ಬಸ್ಸು ನಿಲ್ಲುತ್ತದೆ. ಅಲ್ಲಿ ಅವರು ಇನ್ನೂ ಕೈ ಅಡ್ಡ ಹಿಡಿದು ನಿಂತಿದ್ದರೆ? ಒಂದೂವರೆ ಗಂಟೆ ಬಿಡುವು ಮುಗಿದು ವಾಪಸು ಹತ್ತುವವರು ಯಾರು, ಉಳಿಯುವವರು ಯಾರು? ಯಾರು ಹತ್ತಿದರೂ ಲೆಕ್ಕ ಸರಿ ಬರುತ್ತದೆ.

ನಿನ್ನನ್ನು ಎತ್ತಿ ಆಡಿಸಿದವರು ಅವರು. ಅವರನ್ನು ಪರದೇಶದಲ್ಲಿ ಬಿಟ್ಟು ಬಂದವಳು ನಾನು. ತಪ್ಪು ನನ್ನದು. ತಿದ್ದಿಕೊಳ್ಳುವ ಇಷ್ಟ ನನಗಿಲ್ಲ. ಬೇಕಾದರೆ ನನ್ನ ಮುಖ ನೋಡಬೇಡ, ಆದರೆ ಇವರನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಡ.

ಸಮುದ್ರದ ಟೂರಿನವರಿಗೆ ಹೆಸರು ಕೊಡುವ ಮೊದಲು ಒಂದು ಪ್ರಶ್ನೆ ಕೇಳು, ಬಸ್ಸಿನಲ್ಲಿ ತಲೆ ಎಣಿಸುತ್ತೀರೋ, ಹೆಸರು ಹಿಡಿದು ಕೂಗುತ್ತೀರೋ ಎಂದು. ಹೆಸರು ಕೂಗುವವರಾದರೆ ಮಾತ್ರ ಸರಿ. ಬಿಡುವಿನ ಹೊತ್ತಿನಲ್ಲಿ ಮಕ್ಕಳ ಕೈ ಬಿಡಬೇಡ. ನಿನ್ನ ಅತ್ತೆಯವರಿಗೆ ಚಾವಣಿ ಫ್ಯಾನ್ ಇರುವ ಕೋಣೆಯನ್ನೇ ಕೇಳು, ಏಸಿ ಹಾಕಿದರೆ ಮಂಡಿ ಹಿಡಿಯುತ್ತದೆ.

ಇಷ್ಟು ಬರೆದ ಮೇಲೆ ನಿನ್ನ ಕೋಪಕ್ಕೂ ಸಿದ್ಧಳಾಗಿರುವ,
ನಿನ್ನ ಅಮ್ಮ

ಮತ್ತೆ ಬರೆದದ್ದು, ಗುರುವಾರ ಮಧ್ಯಾಹ್ನ: ಕಾಗದವನ್ನು ಮೇಜಿನ ಮೇಲೆ ಬಿಟ್ಟು ಗಿರಾಕಿಯ ಅಳತೆ ತೆಗೆಯಲು ಹೋಗಿದ್ದೆ. ಬರುವಷ್ಟರಲ್ಲಿ ಇವರು ಓದಿ ಮುಗಿಸಿದ್ದರು. ಸಿಟ್ಟು ಮಾಡಲಿಲ್ಲ. "ಒಳ್ಳೇದೇ ಮಾಡಿದೆ, ಆ ಟೂರು ಬೇಡವೇ ಬೇಡ" ಎಂದರು. ಸೂಜಿಗೆ ದಾರ ಪೋಣಿಸುತ್ತ, "ನೀನು ಅವನೊಬ್ಬನನ್ನ ನೋಡಿ ಕಣ್ಣು ಮುಚ್ಕೊಂಡೆ. ನಾನು ಮುಚ್ಚಿರಲಿಲ್ಲ" ಎಂದರು. "ಅವನ ಹಿಂದೆ ಗುಂಡಿ ಅಂಗಡಿಯಿಂದ ಒಬ್ಬಳು ಓಡಿ ಬಂದಳು. ನಿನ್ನದೇ ಸೀರೆ, ನಿನ್ನದೇ ಮುಖ. ಬಸ್ಸಿನ ಬದಿಗೆ ದಬದಬ ಬಡಿದಳು. ನಿನಗೆ ಕೇಳಿಸಲಿಲ್ವಾ?"

ಕೇಳಿಸಿತ್ತು. ಅದನ್ನು ಮೇಲೆ ಬರೆಯಲಿಲ್ಲ. ಇನ್ನೊಂದನ್ನೂ ಬರೆಯಲಿಲ್ಲ. ಆ ಅಂಗಡಿಯ ಒಳಗೆ ಹೋದದ್ದು ನನಗೆ ನೆನಪಿದೆ, ಹೊರಗೆ ಬಂದದ್ದು ನೆನಪಿಲ್ಲ.

ನಿನ್ನನ್ನು ಹೆತ್ತ ನೋವು ನೆನಪಿದೆ. ಮೊದಲ ದಿನ ಶಾಲೆಯ ಗೇಟು ಹಿಡಿದು ನೀನು ಅತ್ತದ್ದು ನೆನಪಿದೆ. ನನಗೆ ಅಷ್ಟು ಸಾಕು, ನಿನಗೂ ಸಾಕು ಎಂದುಕೊಂಡಿದ್ದೇನೆ. ಸಮುದ್ರದ ಟೂರಿಗೆ ಏಳು ಹೆಸರು ಕೊಡು, ನಾವಿಬ್ಬರೂ ಬರುತ್ತೇವೆ. ಸರೋವರದ ಕಡೆಗೆ ಮಾತ್ರ ನೀನೊಬ್ಬಳೇ ಆದರೂ ಹೋಗಬೇಡ. ನಿನ್ನನ್ನು ಕಂಡರೆ ಅವಳು ಬಿಡುವುದಿಲ್ಲ, ಕೈ ಹಿಡಿದುಕೊಂಡು ಮನೆಗೆ ಬಂದುಬಿಡುತ್ತಾಳೆ. ನನ್ನ ಸ್ವಭಾವ ನನಗೆ ಗೊತ್ತಿಲ್ಲವೇ.